ಟಗರುಗಳು ಹೋಗದೆ ಉಳಿದ ವರ್ಷ

ಹೊಸಹಳ್ಳಿ ಹೋಬಳಿಗೆ ನಾನು ಪಶುವೈದ್ಯೆಯಾಗಿ ಬಂದಾಗ ಕೂಡ್ಲಿಗಿ ತಾಲ್ಲೂಕು ಬಳ್ಳಾರಿ ಜಿಲ್ಲೆಯಲ್ಲಿತ್ತು. ನಿವೃತ್ತಳಾಗುವ ಹೊತ್ತಿಗೆ ವಿಜಯನಗರ ಜಿಲ್ಲೆಗೆ ಸೇರಿತ್ತು. ಜಿಲ್ಲೆ ಬದಲಾದರೂ ಕುರಿಗಳ ಕೆಮ್ಮು ಬದಲಾಗಲಿಲ್ಲ. ಗಂಡನದು ಹರಪನಹಳ್ಳಿಯಲ್ಲಿ ಮೆಕ್ಕೆಜೋಳದ ವ್ಯಾಪಾರ. ನಾನು ವಾರವೆಲ್ಲ ಹೊಸಹಳ್ಳಿಯ ಬಾಡಿಗೆ ಮನೆಯಲ್ಲಿದ್ದು, ಶನಿವಾರ ಸಂಜೆ ಬಸ್ಸು ಹತ್ತಿ ಮನೆಗೆ ಹೋಗುತ್ತಿದ್ದೆ. ಈಗ ಬರೆಯಹೊರಟಿರುವುದು ಕೊರೊನಾ ಬರುವುದಕ್ಕೆ ಹಿಂದಿನ ಮೂರು ವರ್ಷಗಳ ಮಾತು.

ಒಂದು ದಿನ ದೂರದ ನಗರದ ಸಂಶೋಧನಾ ಕೇಂದ್ರದಿಂದ ಇಮೇಲ್ ಬಂತು. ಬರೆದವರು ಡಾ. ಮಾಲತಿ, ಮಿದುಳಿನ ಹಾರ್ಮೋನುಗಳ ಮೇಲೆ ಕೆಲಸ ಮಾಡುವ ವಿಜ್ಞಾನಿ. ಬಯಲುಸೀಮೆಯ ಕುರಿಗಳು ಎಲ್ಲವೂ ಹೆಚ್ಚು ಕಡಿಮೆ ಒಂದೇ ಕಾಲಕ್ಕೆ ಮರಿ ಹಾಕುವುದೇಕೆ, ಅವಕ್ಕೆ ಕಾಲ ಹೇಳುವವರು ಯಾರು ಎಂಬುದು ಅವರ ಪ್ರಶ್ನೆ. ಪೋಲಿಯೋ ಡ್ಯೂಟಿ, ಜಾನುವಾರು ಗಣತಿ ಎಂದು ಸವೆದುಹೋಗಿದ್ದ ನನಗೆ ಯಾರೋ ವಿಜ್ಞಾನದ ಮಾತು ಕೇಳಿದರಲ್ಲ ಎಂದೇ ಖುಷಿಯಾಯಿತು. ಅಂದೇ ಉತ್ತರ ಬರೆದೆ.

ವಿಷಯವನ್ನು ಸರಳವಾಗಿ ಹೇಳಿಬಿಡುತ್ತೇನೆ. ಮಿದುಳಿನ ಬುಡದಲ್ಲಿ ಹೈಪೋಥಲಾಮಸ್ ಎಂಬ ಪುಟ್ಟ ಭಾಗವಿದೆ. ಅಲ್ಲಿ ಹುಟ್ಟುವ ಜಿಎನ್‌ಆರ್‌ಎಚ್ ಎಂಬ ಹಾರ್ಮೋನು ಪಕ್ಕದ ಪಿಟ್ಯುಟರಿ ಗ್ರಂಥಿಯನ್ನು ತಟ್ಟಿ ಎಬ್ಬಿಸುತ್ತದೆ. ಪಿಟ್ಯುಟರಿ ಎಲ್‌ಎಚ್ ಎಂಬ ಇನ್ನೊಂದು ಹಾರ್ಮೋನನ್ನು ರಕ್ತಕ್ಕೆ ಬಿಡುತ್ತದೆ. ಆಗ ಕುರಿ ಬೆದೆಗೆ ಬರುತ್ತದೆ. ಮೊದಲನೆಯದು ಕತ್ತಿನ ರಕ್ತದಲ್ಲಿ ಸಿಗುವಷ್ಟು ಇರುವುದಿಲ್ಲ. ಹಾಗಾಗಿ ಎಲ್‌ಎಚ್ ಅಳೆದು, ಮಿದುಳು ಏನು ಹೇಳಿತೆಂದು ಊಹಿಸಬೇಕು. ಚಳಿದೇಶಗಳ ಕುರಿಗಳಿಗೆ ಹಗಲು ಕಿರಿದಾಗುವುದೇ ಸೂಚನೆ. ನಮ್ಮ ಕಡೆ ಬೇಸಿಗೆಯ ಹಗಲಿಗೂ ಚಳಿಗಾಲದ ಹಗಲಿಗೂ ಎರಡು ಗಂಟೆಯ ವ್ಯತ್ಯಾಸವೂ ಇಲ್ಲ. ಅಷ್ಟನ್ನೇ ನಮ್ಮ ಕುರಿಯ ಮಿದುಳು ಗುರುತಿಸುತ್ತದೆ ಎಂದಾದರೆ ಅದು ಸಣ್ಣ ಸಂಗತಿಯಲ್ಲ.

ಮೈಲವ್ವ ಮತ್ತು ಅವಳ ಗಂಡ ಹುಲುಗಪ್ಪನ ಹಟ್ಟಿಯಲ್ಲಿ ನಾಲ್ಕೈದು ಮನೆಯವರ ಮಂದೆಗಳಿದ್ದವು. ಅವರನ್ನು ಒಪ್ಪಿಸಿ, ಪ್ರತಿ ತಿಂಗಳು ಆರಿಸಿದ ಹೆಣ್ಣು ಕುರಿಗಳ ಕತ್ತಿನಿಂದ ಇಪ್ಪತ್ತು ನಿಮಿಷಕ್ಕೊಮ್ಮೆ ಅರ್ಧ ದಿನ ರಕ್ತ ತೆಗೆಯುತ್ತಿದ್ದೆ. ಪ್ಲಾಸ್ಮಾ ಬೇರೆ ಮಾಡಿ ಐಸಿನ ಡಬ್ಬಿಯಲ್ಲಿಟ್ಟು ಕೂಡ್ಲಿಗಿಯಿಂದ ಬಸ್ಸಿಗೆ ಹಾಕುತ್ತಿದ್ದೆ. ಆಚೆ ಮಾಲತಿ ಅಳೆದು ಅಂಕಿ ಕಳಿಸುತ್ತಿದ್ದಳು. ಮೊದಮೊದಲು "ಮಾನ್ಯರೇ" ಎಂದು ಶುರುವಾಗುತ್ತಿದ್ದ ಅವಳ ಇಮೇಲ್ ಆರು ತಿಂಗಳಲ್ಲಿ "ಅಕ್ಕ, ನಮ್ಮ ಹುಡುಗಿಯರು ಹೇಗಿದ್ದಾರೆ?" ಎಂದಾಗಿತ್ತು. ಹುಡುಗಿಯರೆಂದರೆ ಕುರಿಗಳು. ಒಂದು ಸಲ ಬಂದು ಎರಡು ದಿನ ನನ್ನ ಮನೆಯಲ್ಲೇ ಉಳಿದು, ಮೈಲವ್ವನ ಕೈಯ ಸಜ್ಜಿ ರೊಟ್ಟಿ ತಿಂದು, ಚಟ್ನಿಯ ಖಾರಕ್ಕೆ ಕಣ್ಣೀರಿಟ್ಟು ಹೋದಳು.

ಎರಡು ವರ್ಷವೂ ಒಂದೇ ಫಲಿತಾಂಶ. ಬೇಸಿಗೆಯುದ್ದಕ್ಕೂ ಎಲ್‌ಎಚ್ ನೆಲ ಹಿಡಿದು ಮಲಗಿರುತ್ತಿತ್ತು. ಕಾರಹುಣ್ಣಿಮೆ ಕಳೆದದ್ದೇ ತಡ, ಒಮ್ಮೆಲೇ ಮೇಲೆದ್ದುಬಿಡುತ್ತಿತ್ತು. ಹಗಲು ಕಿರಿದಾಗತೊಡಗುವುದೂ ಆಗಲೇ. ಮಾಲತಿ ಪ್ರಬಂಧ ಬರೆದಳು, ನನ್ನ ಹೆಸರನ್ನೂ ಸೇರಿಸಿದಳು. ಒಳ್ಳೆಯ ಪತ್ರಿಕೆಯೊಂದು ಅದನ್ನು ಒಪ್ಪಿಕೊಂಡಿತು. ಅವಳದು ಗುತ್ತಿಗೆಯ ನೌಕರಿ. ಅದೇ ಕೇಂದ್ರದಲ್ಲಿ ಕಾಯಂ ಹುದ್ದೆಗೆ ಸಂದರ್ಶನ ಕರೆದಿದ್ದರು. ವಯಸ್ಸಿನ ಮಿತಿಯಿಂದಾಗಿ ಅವಳಿಗೆ ಅದೇ ಕೊನೆಯ ಸಲ. ಕೈಯಲ್ಲಿದ್ದ ಬಲವಾದ ದಾಖಲೆ ಎಂದರೆ ಈ ಪ್ರಬಂಧವೇ.

ಮೂರನೆಯ ವರ್ಷವೂ ಸುಮ್ಮನೆ ಖಚಿತಪಡಿಸಿಕೊಳ್ಳಲೆಂದು ರಕ್ತ ತೆಗೆದಿದ್ದೆವು. ಕಾರಹುಣ್ಣಿಮೆ ಕಳೆಯಿತು, ಎಲ್‌ಎಚ್ ಏಳಲೇ ಇಲ್ಲ. ಅಲ್ಲಲ್ಲಿ ಒಂದಿಷ್ಟು ಏರಿಳಿತ, ಅಷ್ಟೆ. ಸಂದರ್ಶನಕ್ಕೆ ಒಂದು ವಾರವಿತ್ತು. "ಅಕ್ಕ, ಬಸ್ಸಿನಲ್ಲಿ ಐಸ್ ಕರಗಿರಬೇಕು, ಮಾದರಿ ಕೆಟ್ಟಿರಬಹುದು. ಒಮ್ಮೆ ವಿಚಾರಿಸಿ ನೋಡಿ" ಎಂದು ಬರೆದಳು.

ಐಸ್ ಕರಗಿರಲಿಲ್ಲ. ಡಬ್ಬಿ ಇಳಿಸಿಕೊಂಡ ಅವಳ ಲ್ಯಾಬಿನವನೇ ಅದು ಗಟ್ಟಿಯಾಗಿಯೇ ಇತ್ತು ಎಂದು ನನಗೆ ಹೇಳಿದ್ದ. ರೋಗವೋ ಮೇವಿನ ಕೊರತೆಯೋ ಇರಬೇಕೆಂದು ಹಟ್ಟಿಗೆ ಹೋಗಿ ಮೈಲವ್ವನನ್ನು ಕೇಳಿದೆ. ಮೇವು ಚೆನ್ನಾಗಿತ್ತಂತೆ, ಜಡ್ಡೂ ಇರಲಿಲ್ಲವಂತೆ. ಹಾಗಾದರೆ ಈ ಸಲ ಬೇರೆ ಏನಾಯಿತು ಎಂದೆ.

"ಬ್ಯಾರೆ ಏನೈತ್ರಿ? ಟಗರು ಹೋಗಿಲ್ಲ, ಅಷ್ಟ. ದುರುಗಪ್ಪ ಗಾಡಿ ಮ್ಯಾಲಿಂದ ಬಿದ್ದು ಕಾಲು ಮುರಕೊಂಡು ಮನ್ಯಾಗ ಅದಾನ. ಟಗರು ಕಾಯಾಕ ಯಾರು ಹೋಗ್ಬೇಕು? ಮಂದ್ಯಾಗ ಬಿಟ್ಕೊಂಡೀವಿ."

ಆ ಹಟ್ಟಿಯವರ ಪದ್ಧತಿ ಅದು: ಶಿವರಾತ್ರಿ ಮುಗಿದ ಮೇಲೆ ಎಲ್ಲ ಮನೆಗಳ ಟಗರುಗಳನ್ನು ಒಟ್ಟುಗೂಡಿಸಿ, ದುರುಗಪ್ಪನ ಕೈಗೆ ಕೊಟ್ಟು ಹಿರೇಹಡಗಲಿ ಕಡೆಗೆ ಮೇಯಿಸಲು ಕಳಿಸುತ್ತಾರೆ. ಕಾರಹುಣ್ಣಿಮೆ ಆದ ಮೇಲೆ ಬೀರಪ್ಪನಿಗೆ ಕಾಯಿ ಒಡೆಸಿ ಮಂದೆಗೆ ಸೇರಿಸುತ್ತಾರೆ. ಐದು ತಿಂಗಳಿಗೆ, ಹಸಿರು ಇರುವಾಗ, ಮರಿಗಳು ಹುಟ್ಟಲಿ ಎಂದು. ತಿಂಗಳುಗಟ್ಟಲೆ ಗಂಡಿನ ಸುಳಿವಿಲ್ಲದ ಕುರಿಗೆ ಟಗರಿನ ವಾಸನೆ ಬಡಿದರೆ ಮಿದುಳು ಜಿಎನ್‌ಆರ್‌ಎಚ್ ಬಿಡುತ್ತದೆ, ಎಲ್‌ಎಚ್ ಏರುತ್ತದೆ. ಟಗರು ಸದಾ ಜೊತೆಗೇ ಇದ್ದರೆ ಆ ಹಠಾತ್ ಏರಿಕೆ ಇಲ್ಲ. ಇದು ನಾನು ಕಾಲೇಜಿನಲ್ಲೇ ಓದಿದ ಪಾಠ. ನಮ್ಮ ಕುರಿಗಳು ಸೂರ್ಯನನ್ನು ನೋಡಿರಲಿಲ್ಲ, ಟಗರನ್ನು ಮೂಸಿದ್ದವು.

"ಇದನ್ನ ನನಗ್ಯಾಕ ಮೊದಲ ಹೇಳಲಿಲ್ಲ ಮೈಲವ್ವ?" ಎಂದೆ. ಅವಳಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ.

"ಹೇಳೋದೇನೈತ್ರಿ ಡಾಕ್ಟ್ರಮ್ಮಾರ? ವರ್ಷಾ ಅಲ್ಲಿಗೆ ಹೋಗಿ ಅವಕ್ಕ ಸೂಜಿ ಮಾಡಿ ಬರ್ತಿದ್ದೋರು ನೀವ ಅಲ್ಲೇನ್ರಿ?"

ಹೌದು, ನಾನೇ. ಲಸಿಕೆ ಹಾಕಲು ಹೋಗಿ ದುರುಗಪ್ಪನ ಜೊತೆ ಚಹಾ ಕುಡಿದು ಬರುತ್ತಿದ್ದೆ. ಹಿತ್ತಲ ಗಿಡ ಮದ್ದಲ್ಲ ಎನ್ನುವುದು ಸುಳ್ಳಲ್ಲ. ಮಾಲತಿ ಕೇಳಲಿಲ್ಲ, ಕೇಳಬೇಕೆಂದು ಅವಳಿಗೆ ಗೊತ್ತಾಗುವ ಹಾಗೂ ಇರಲಿಲ್ಲ. ನನಗೋ ಅದು ಹೇಳುವಂಥ ವಿಷಯವೆಂದೇ ಹೊಳೆದಿರಲಿಲ್ಲ. ಮಳೆ, ಮೇವು, ಜಂತುಹುಳು ಎಲ್ಲ ಬರೆದಿದ್ದೆ. ಟಗರಿನ ಮಾತು ಮಾತ್ರ ಬರೆದಿರಲಿಲ್ಲ.

ಶನಿವಾರ ಮನೆಗೆ ಹೋಗಿ ನಡೆದದ್ದನ್ನು ಹೇಳಿದೆ. ಗಂಡ ಎಲ್ಲ ಕೇಳಿ, ನೀನೇನು ಸುಳ್ಳು ಹೇಳಬೇಕಿಲ್ಲವಲ್ಲ, ಒಂದು ವಾರ ಬಾಯಿ ಮುಚ್ಚಿಕೊಂಡಿದ್ದರೆ ಸಾಕಲ್ಲ ಎಂದರು. "ಸಂದರ್ಶನ ಮುಗೀಲಿ, ಆಮ್ಯಾಲೆ ಹೇಳು. ನಿನ್ನ ಗಂಟೇನು ಹೋಗ್ತತಿ?" ವ್ಯಾಪಾರಸ್ಥರ ಬುದ್ಧಿ ಎಂದು ಮುಖ ತಿರುಗಿಸಿದೆನಾದರೂ, ಮನಸ್ಸಿನಲ್ಲಿ ನಾನೂ ಅದನ್ನೇ ಲೆಕ್ಕ ಹಾಕುತ್ತಿದ್ದೆ. ಐಸ್ ಕರಗಿತ್ತು ಎಂದು ಒಂದು ಸಾಲು ಬರೆದರೆ ಅವಳ ಬದುಕು ನೆಲೆ ನಿಲ್ಲುತ್ತಿತ್ತು. ಆದರೆ ಪ್ರಬಂಧ ಅಚ್ಚಾದ ಮೇಲೆ ತಪ್ಪು ಬಯಲಾದರೆ ಅವಳ ತಲೆ ಮೇಲೆ ಬರುವುದು ಅಳತೆಯ ತಪ್ಪಲ್ಲ, ಮೋಸದ ಆರೋಪ. ಅವಳ ಒಳ್ಳೆಯದಕ್ಕೇ ಹೇಳುತ್ತಿದ್ದೇನೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಆ ಸಮಾಧಾನದ ಮೇಲೆ ಇವತ್ತಿಗೂ ನನಗೆ ಪೂರ್ತಿ ನಂಬಿಕೆಯಿಲ್ಲ.

ಭಾನುವಾರ ಬೆಳಿಗ್ಗೆ ಫೋನು ಮಾಡಿ ಎಲ್ಲ ಹೇಳಿದೆ. ಕೊನೆಗೆ, "ಎರಡು ವರ್ಷ ಕುರಿ ಬಿಟ್ಟು ಬೇರೆ ಏನನ್ನೂ ಮಾತಾಡಲಿಲ್ಲ ನಾವು, ಅಲ್ವಾ ಅಕ್ಕ?" ಎಂದಳು. ಆಮೇಲೆ, "ಒಂದು ವಾರ ಬಿಟ್ಟು ಹೇಳಬಹುದಿತ್ತು ಅಂತ ನಿಮಗೆ ಅನ್ನಿಸಲಿಲ್ವಾ?" ಎಂದು ಕೇಳಿದಳು. ಅನ್ನಿಸಿತ್ತು ಎಂದೆ. ಅವಳು ಫೋನು ಇಟ್ಟಳು.

ಮರುದಿನವೇ ಪತ್ರಿಕೆಗೆ ಬರೆದು ಪ್ರಬಂಧವನ್ನು ಹಿಂದಕ್ಕೆ ಪಡೆದಳು. ಸಂದರ್ಶನದಲ್ಲಿ ಕಾರಣ ಕೇಳಿದರಂತೆ, ಇದ್ದದ್ದನ್ನು ಇದ್ದ ಹಾಗೆ ಹೇಳಿದಳಂತೆ. ಕೆಲಸ ಬೇರೆಯವರಿಗೆ ಹೋಯಿತು. ಗುತ್ತಿಗೆ ಮುಗಿದ ಮೇಲೆ ಅವಳು ಒಂದು ಖಾಸಗಿ ಕಾಲೇಜು ಸೇರಿಕೊಂಡಳು. ಅಲ್ಲಿ ಪಾಠವಿದೆ, ಪ್ರಯೋಗಾಲಯವಿಲ್ಲ. ಒಮ್ಮೆಯಾದರೂ ಬೈದಿದ್ದರೆ ನನ್ನ ಎದೆ ಹಗುರಾಗುತ್ತಿತ್ತು. ಬೈಯಲಿಲ್ಲ.

ಅವಳ ಜಾಗಕ್ಕೆ ಬಂದವರು ಕೊರೊನಾ ಇಳಿದ ಮೇಲೆ ನನ್ನನ್ನು ಸಂಪರ್ಕಿಸಿದರು. ಟಗರಿನ ವಾಸನೆಯೇ ಈಗ ಅವರ ವಿಷಯ. ಮಾಲತಿಯ ಹೆಸರಿಲ್ಲದೆ ನಾನು ಸೇರುವುದಿಲ್ಲ ಎಂದು ಹಟ ಹಿಡಿದೆ. ಕೇಂದ್ರ ಬಿಟ್ಟುಹೋದವರನ್ನು ಸೇರಿಸಲು ಬರುವುದಿಲ್ಲ ಎಂದರು. ಅವಳನ್ನೇ ಕೇಳಿದರೆ, "ನೀವು ಬಿಟ್ಟರೆ ಆ ಕುರಿಗಳ ಬಗ್ಗೆ ಗೊತ್ತಿರೋರು ಯಾರಿದ್ದಾರೆ ಅಕ್ಕ? ಮಾಡಿ" ಎಂದಳು. ಮಾಡಿದೆ. ಹಟ್ಟಿಯ ಪದ್ಧತಿಯನ್ನೆಲ್ಲ ಒಂದೂ ಬಿಡದೆ ಕೇಳಿ ಬರೆದುಕೊಂಡೆ. ಊರಿಗೆಲ್ಲ ಗೊತ್ತಿರುವುದನ್ನು ಯಾರೂ ಯಾರಿಗೂ ಹೇಳುವುದಿಲ್ಲ, ಆದ್ದರಿಂದ ಹೊರಗಿನವರ ಜೊತೆ ಕೆಲಸ ಮಾಡುವಾಗ ಅದನ್ನೇ ಮೊದಲು ಹೇಳಬೇಕು. ಮೂವತ್ತು ವರ್ಷದ ನೌಕರಿ ನನಗೆ ಕಲಿಸಿದ್ದು ಇಷ್ಟು. ಕಲಿತದ್ದು ನಾನು, ಬೆಲೆ ತೆತ್ತವಳು ಮಾಲತಿ.

ಹೊಸ ಪ್ರಬಂಧ ಅಚ್ಚಿಗೆ ಹೋಗುವ ಮುನ್ನ ಅವಳಿಗೊಂದು ಪ್ರತಿ ಕಳಿಸಿದೆ. ಉತ್ತರ ಬರಲಾರದು ಎಂದುಕೊಂಡಿದ್ದೆ. ಸಂಜೆಗೇ ಬಂತು: "ಚೆನ್ನಾಗಿದೆ ಅಕ್ಕ. ಎರಡನೇ ಚಿತ್ರದಲ್ಲಿ ಎರಡು ಗೆರೆ ಅದಲುಬದಲಾಗಿವೆ, ತಿದ್ದಿಸಿ."

ತೆಗೆದು ನೋಡಿದೆ. ನಿಜವಾಗಿಯೂ ಅದಲುಬದಲಾಗಿದ್ದವು, ನಮ್ಮಲ್ಲಿ ಒಬ್ಬರಿಗೂ ಕಂಡಿರಲಿಲ್ಲ. ತಿದ್ದಿಸಿದೆ. ಆ ಪ್ರಬಂಧದಲ್ಲಿ ಅವಳ ಹೆಸರು ಎಲ್ಲಿಯೂ ಇಲ್ಲ.