ಎಲ್‌ರಾಯ್ ಥೀಲ್ಕಿಯ ಬೆಸುಗೆ

ನಮ್ಮ ವಿಸ್ಕಾನ್ಸಿನ್ ಕಡೆಯ ಕಮ್ಮಾರಿಕೆ ಕ್ಲಬ್ಬಿನಲ್ಲಿ ಹೊಟ್ಟೆಪಾಡಿಗೆ ಕಬ್ಬಿಣ ಬಡಿಯುವವರು ಯಾರೂ ಇಲ್ಲ. ಹಲ್ಲಿನ ಡಾಕ್ಟರು, ಲೆಕ್ಕದ ಮೇಷ್ಟ್ರು, ನನ್ನಂಥ ವಿಮೆ ಏಜೆಂಟರು, ಎಲ್ಲರೂ ಬರೀ ಶನಿವಾರದ ಕಮ್ಮಾರರು. ನಮಗೆಲ್ಲ ಗುರು ಎಲ್‌ರಾಯ್ ಥೀಲ್ಕಿ. ನಿವೃತ್ತನಾಗುವವರೆಗೆ ಹಾಲಿನ ಟ್ಯಾಂಕರ್ ಓಡಿಸುತ್ತಿದ್ದ. ಆಮೇಲೆ ಚರ್ಮದ ಏಪ್ರನ್ ಕಟ್ಟಿಕೊಂಡವನು ಬ್ಯಾಂಕಿಗೆ ಹೋಗುವಾಗಲೂ ಅದನ್ನು ಬಿಚ್ಚಲಿಲ್ಲ.

ಹೊಸಬರಿಗೆ ಬುದ್ಧಿ ಹೇಳುವ ಕೆಲಸ ಅವನದು. ಹೇಳುವುದರಲ್ಲಿ ತಪ್ಪೇನಿರಲಿಲ್ಲ, ಉದ್ದ ಮಾತ್ರ ಜಾಸ್ತಿ.

"ಮೊದಲೇ ಹೋಗಿ ದೊಡ್ಡ ಅಡೆಗಲ್ಲು ತರಬೇಡಿ, ಕಬ್ಬಿಣ ಇಟ್ಟು ಬಡಿಯೋಕೆ ರೈಲು ಕಂಬಿ ತುಂಡೊಂದು ಸಾಕು. ಭುಜ ನೋಯೋಷ್ಟು ಭಾರದ ಸುತ್ತಿಗೆ ಬೇಡ. ಇಕ್ಕಳ ಕಬ್ಬಿಣಾನ ಸರಿಯಾಗಿ ಹಿಡೀಬೇಕು, ಇಲ್ಲಾಂದ್ರೆ ಕಬ್ಬಿಣ ಹಾರಿ ನಿಮ್ಮನ್ನ ಹಿಡಿಯುತ್ತೆ. ನೈಲಾನ್ ಅಂಗಿ ಹಾಕ್ಕೊಂಡು ಬಂದೀರಿ, ಕಿಡಿ ಬಿದ್ರೆ ಮೈಗೇ ಅಂಟುತ್ತೆ. ಸತು ಹಚ್ಚಿದ ಪೈಪು ಬೆಂಕಿಗೆ ಹಾಕಿದ್ರೋ, ಆ ಹೊಗೆ ಕುಡಿದು ಜ್ವರ ಬಂದು ಮಲಗ್ತೀರಿ."

ಪಾಠದ ಕೊನೆಗೆ ಬೆಸುಗೆ ಇರಬೇಕು. ಎರಡು ತುಂಡು ಕಬ್ಬಿಣವನ್ನು ಬೆಳ್ಳಗಾಗುವಂತೆ ಕಾಯಿಸಿ, ಬಡಿದು ಒಂದಾಗಿಸುವುದು. ನಮ್ಮ ಗುರುವಿಗೆ ಜನ್ಮದಲ್ಲಿ ಒಮ್ಮೆಯೂ ಅದು ಕೂಡಿಬಂದಿರಲಿಲ್ಲ. ಗ್ಯಾರೇಜಿನ ಬಾಗಿಲು ಹಾಕಿಕೊಂಡು ಎಷ್ಟು ಬಡಿದರೂ ಎರಡು ಎರಡಾಗಿಯೇ ಉಳಿದಿದ್ದವು. ಇದು ಹೆಂಡತಿ ವರ್ನಿಟಾಗೆ ಮಾತ್ರ ಗೊತ್ತು ಎಂದು ಅವನ ನಂಬಿಕೆ. ಹೊರಗೆ ಗೊತ್ತಾದರೆ ಗುರುಪೀಠ ಹೋಯಿತು, ಮರುದಿನದಿಂದ ತಾನು ಬರೀ ಏಪ್ರನ್ ಕಟ್ಟಿದ ಮುದುಕ ಎಂದು ಹೆದರಿ ಸಾಯುತ್ತಿದ್ದನಂತೆ. ಇದೆಲ್ಲ ಆಮೇಲೆ ಅವನೇ ನನಗೆ ಹೇಳಿದ್ದು. ಹಾಗಾಗಿ ಇಕ್ಕಳದ ವಿಷಯ ಬಂದಾಗ ಮಾತು ಎಳೆಯುತ್ತಿದ್ದ. ಅಷ್ಟರಲ್ಲಿ ಹನ್ನೆರಡಾಗುತ್ತಿತ್ತು. ವರ್ನಿಟಾ ಊಟಕ್ಕೆ ಕೂಗುತ್ತಿದ್ದಳು. "ಬೆಸುಗೆ ಮುಂದಿನ ಸಲ" ಎಂದು ಗುರು ಕೈ ತೊಳೆಯುತ್ತಿದ್ದ.

ಕಳೆದ ಅಕ್ಟೋಬರಿನಲ್ಲಿ ಒಂದು ಶನಿವಾರ, ಪಾಠ ನಡೆಯುವ ಶೆಡ್ಡಿನ ಫ್ಯೂಸ್ ಹಾರಿಹೋಯಿತು. ಎಲ್‌ರಾಯ್ ಇಕ್ಕಳದ ಮಾತು ಮುಗಿಸಿ ಆಸೆಯಿಂದ ಬಾಗಿಲ ಕಡೆ ನೋಡಿದ. ವರ್ನಿಟಾ ಮುಖ ಸಣ್ಣದು ಮಾಡಿಕೊಂಡು ಬಂದಳು.

"ಕರೆಂಟ್ ಒಲೆ ಆರಿ ಹುರುಳಿಕಾಯಿ ಸೂಪು ತಣ್ಣಗೇ ಕೂತಿದೆ. ಊಟ ಇನ್ನೊಂದು ಗಂಟೆ ತಡ."

"ಒಳ್ಳೇದೇ ಆಯ್ತಲ್ಲ!" ಎಂದಳು ಟ್ವೈಲಾ. ಶಾಲೆಯ ಅಡುಗೆಮನೆಯಲ್ಲಿ ಕೆಲಸ ಮಾಡುವ ಹೊಸ ಸದಸ್ಯೆ. "ಥೀಲ್ಕಿಯವರೇ, ಹೋದ ಸಲಾನೂ ಮುಂದಿನ ಸಲ ಅಂದ್ರಿ. ಈಗ ಮಾಡಿ ತೋರಿಸಿಬಿಡಿ."

ಎಲ್‌ರಾಯ್ ಕಲ್ಲಿದ್ದಲನ್ನು ಹಿಂದೆ ಮುಂದೆ ಎಳೆದ. ಗಾಳಿ ಹೇಗೆ ಊದಬೇಕೆಂದು ಹೇಳಿದ. ಬೆಸೆಯುವ ಮುಂಚೆ ಕಬ್ಬಿಣದ ಮೇಲೆ ಬಿಳಿಗಾರದ ಪುಡಿ ಯಾಕೆ ಉದುರಿಸುತ್ತಾರೆಂದು ಹೇಳಿದ. ಗಡಿಯಾರ ಮಾತ್ರ ಮುಂದೆ ಹೋಗಲೊಲ್ಲದು. ಕೊನೆಗೆ ಎರಡೂ ತುಂಡುಗಳು ಸುರುಸುರು ಬತ್ತಿಯಂತೆ ಕಿಡಿ ಕಾರತೊಡಗಿದವು. ತೆಗೆದ, ಒಂದರ ಮೇಲೊಂದಿಟ್ಟು ಬಡಿದ. ಠಣ್ಣೆಂದು ಒಂದು ತುಂಡು ಕೆಳಗೆ ಬಿತ್ತು. ಮತ್ತೆ ಕಾಯಿಸಿದ, ಮತ್ತೆ ಬಿತ್ತು. ಮೂರನೇ ಸಲಕ್ಕೆ ತುದಿಯೇ ಉರಿದುಹೋಯಿತು.

ಎಲ್‌ರಾಯ್ ಸುತ್ತಿಗೆ ಕೆಳಗಿಟ್ಟ. "ನನಗೆ ಇದು ಬರಲ್ಲ. ಯಾವತ್ತೂ ಬಂದಿಲ್ಲ."

ಆಗ ನಮ್ಮ ಕಾರ್ಯದರ್ಶಿ ಡೆಲ್ಮರ್ ಕ್ರೌಸ್ ಕಾಫಿ ಹೀರುತ್ತಾ, "ಗೊತ್ತು ಮಾರಾಯ" ಎಂದ.

"ಗೊತ್ತಾ? ಯಾರ್ಯಾರಿಗೆ?"

"ಯಾರಿಗೆ ಗೊತ್ತು ಅಂತ ಕೇಳೋಕಿಂತ ಯಾರಿಗೆ ಗೊತ್ತಿಲ್ಲ ಅಂತ ಹುಡುಕು. ಒಂದು ಗಂಟೆಗಿದ್ದ ಊಟಾನ ಹನ್ನೆರಡಕ್ಕೆ ತಂದಿದ್ದು ಯಾಕೆ ಅಂದ್ಕೊಂಡೆ?"

"ಸಕ್ಕರೆ ಕಾಯಿಲೆಯವರಿಗೆ ಅಂದ್ರಲ್ಲೋ!"

"ಕ್ಲಬ್ಬಲ್ಲಿ ಸಕ್ಕರೆ ಕಾಯಿಲೆ ಇರೋದು ನಂಗೊಬ್ಬನಿಗೆ. ನಾನು ಇಲ್ಲಿಗೆ ಬರೋದೇ ವರ್ನಿಟಾ ಮಾಡೋ ಸಿಹಿ ಕದ್ದು ತಿನ್ನೋಕೆ."

ಎಲ್‌ರಾಯ್ ಹೆಂಡತಿಯ ಕಡೆ ತಿರುಗಿದ. "ನೀನೇ ಹೇಳಿದ್ಯಾ?"

"ನಾನ್ಯಾಕೆ ಹೇಳಲಿ? ಬೆಸುಗೆ ಅಂದ ತಕ್ಷಣ ನಿನ್ನ ಕಿವಿ ಕೆಂಪಾಗುತ್ತೆ. ಕಬ್ಬಿಣಕ್ಕಿಂತ ಮೊದಲೇ."

ಶೆಡ್ಡು ನಗೆಯಲ್ಲಿ ಮುಳುಗಿತು. ಹಲ್ಲಿನ ಡಾಕ್ಟರು, ತಮಗೂ ಹತ್ತಕ್ಕೊಂದು ಕೂಡಿದರೆ ಹೆಚ್ಚು ಎಂದರು. ನನ್ನದೂ ಅದೇ ಕಥೆ. ನಾನು ಬೆಸೆದ ಕೊಕ್ಕೆ ಕೋಟಿನ ಭಾರಕ್ಕೇ ಕಳಚಿ ಬಿದ್ದಿತ್ತು. ಲೆಕ್ಕದ ಮೇಷ್ಟ್ರು ಲೆಕ್ಕವನ್ನೇ ಹೇಳಲಿಲ್ಲ. ಎಲ್‌ರಾಯ್ ಏಪ್ರನ್ ಬಿಚ್ಚಿ ಬೆಂಚಿನ ಮೇಲೆ ಹಾಕಿ ಕುತ್ತಿಗೆ ಉಜ್ಜಿಕೊಂಡ. "ಅಬ್ಬಾ, ಎಷ್ಟು ಸೆಖೆ ಇದರೊಳಗೆ!"

"ಹಾಗಾದ್ರೆ ನನಗೂ ಕೂಡದಿದ್ರೆ ಪರವಾಗಿಲ್ಲ ತಾನೇ?" ಎಂದು ಟ್ವೈಲಾ ಸುತ್ತಿಗೆ ಕೈಗೆತ್ತಿಕೊಂಡಳು. ಅವಳ ದನಿಯಲ್ಲಿ ಎಂಥ ನಿರಾಳ!

ಆಮೇಲೆ ಎಲ್ಲರೂ ಕುಲುಮೆಗೆ ಮುತ್ತಿಕೊಂಡರು. ಎಲ್‌ರಾಯ್ ಕಾಯಿಸಿದ, ಡೆಲ್ಮರ್ ಬಿಳಿಗಾರ ಉದುರಿಸಿದ, ಟ್ವೈಲಾ ಬಡಿದಳು. ಬಿತ್ತು. ನಕ್ಕರು. ಮತ್ತೆ ಕಾಯಿಸಿದರು. ಫ್ಯೂಸ್ ಸರಿಹೋಗಿ ಸೂಪು ಕುದಿಯತೊಡಗಿದ ಹೊತ್ತಿಗೆ ಒಂದು ಜೊತೆ ಬೀಳದೆ ಎಲ್‌ರಾಯ್ ಹಿಡಿದ ಇಕ್ಕಳದಲ್ಲೇ ನಿಂತಿತು. ಎಲ್ಲರೂ ಹತ್ತಿರ ಬಗ್ಗಿದರು. ಬೆಸುಗೆ ನಿಜವೋ ಸುಳ್ಳೋ ತಿಳಿಯಬೇಕಾದರೆ ಬೆಂಚಿಗೆ ಬಿಗಿದ ವೈಸಿನ ದವಡೆಗೆ ಸಿಕ್ಕಿಸಿ ತಿರುಚಿ ನೋಡುವುದು ಪದ್ಧತಿ. ಟ್ವೈಲಾ ಇಕ್ಕಳಕ್ಕೆ ಕೈ ಹಾಕಿದಳು.

"ಏ, ಮುಟ್ಟಬೇಡಮ್ಮ!" ಎಂದು ಎಲ್‌ರಾಯ್ ಅದನ್ನು ಎದೆಯ ಹತ್ತಿರ ಎಳೆದುಕೊಂಡ. ಬಿಸಿ ತಾಗಿ ಮತ್ತೆ ದೂರ ಹಿಡಿದ. "ಇವತ್ತಿಗೆ ಕೂಡಿದೆ. ಊಟಕ್ಕೆ ನಡೀರಿ."