ಸೆಕೆಯಿಲ್ಲದ ಊರಿನ ರಾಜ

ಮೊನ್ನೆ ದಹಿಸರ್‌ನ ನಮ್ಮ ಮನೆಯ ಊಟದ ಟೇಬಲ್ಲಿನ ಮೇಲೆ ಹೊಸ ಪುಸ್ತಕದ ವಾಸನೆ. ಮೊಮ್ಮಗಳು ಕಾದಂಬರಿಯೊಂದನ್ನು ಮಗುಚಿಟ್ಟಿದ್ದಳು. ಅದರಲ್ಲಿ ಒಂದು ಕಲ್ಪಿತ ದೇಶ. ಅಲ್ಲಿ ಮನೆಮನೆಯ ಗೋಡೆಗೂ ಸರ್ಕಾರ ಕಿವಿ ಅಂಟಿಸಿದೆಯಂತೆ. ಕಥೆಯ ಸರ್ವಾಧಿಕಾರಕ್ಕೂ ನಿಜದ ಸರ್ವಾಧಿಕಾರಕ್ಕೂ ಇರುವ ಹೋಲಿಕೆಯ ಬಗ್ಗೆ ಅವಳು ಕಾಲೇಜಿಗೆ ಲೇಖನ ಬರೆಯಬೇಕು.

"ಅಜ್ಜಾ, ಎಮರ್ಜೆನ್ಸಿ ಟೈಮ್‌ದಾಗ ನೀವು ಇಲ್ಲೇ ಇದ್ರಲ್ಲಾ? ನಿಮಗ ಡರ್ ಆಗ್ತಿತ್ತಾ?"

ಇದಕ್ಕೆ ನನ್ನಲ್ಲಿ ಸಿದ್ಧ ಉತ್ತರವಿದೆ. ಲೋಕಲ್ ರೈಲುಗಳು ಹೊತ್ತಿಗೆ ಸರಿಯಾಗಿ ಬರುತ್ತಿದ್ದವು, ಜನ ಶಿಸ್ತು ಕಲಿತಿದ್ದರು ಎಂದು ಮದುವೆಮನೆಗಳಲ್ಲಿ ಎಷ್ಟೋ ಸಲ ಹೇಳಿ ತಲೆದೂಗಿಸಿಕೊಂಡಿದ್ದೇನೆ. ಮೊಮ್ಮಗಳಿಗೂ ನಾನೆಂದರೆ ಆ ಶಿಸ್ತಿನ ಅಜ್ಜ. ಅಂದು ಮಾತ್ರ ಅದು ಬಾಯಿಗೆ ಬರಲಿಲ್ಲ. ಬಂದದ್ದನ್ನು ನೀವೂ ಕೇಳಿ.

ಆಗ ನಾನು ಪರೇಲಿನ ಚಾಳಿನಲ್ಲಿದ್ದೆ. ಮೆಟ್ರಿಕ್ ಮುಗಿಸಿ ಮಿಲ್ಲಿನಲ್ಲಿ ಗುಮಾಸ್ತನಾಗಿದ್ದೆ. ದನಿ ದೊಡ್ಡದೆಂದು ಎಲ್ಲರೂ ಹೇಳುತ್ತಿದ್ದರು. ಬುದ್ಧಿಯ ಬಗ್ಗೆ ಯಾರೂ ಹಾಗೆ ಹೇಳಿದ ನೆನಪಿಲ್ಲ. ದನಿಯ ದೆಸೆಯಿಂದ ನಮ್ಮ ಕನ್ನಡ ನಾಟಕ ಮಂಡಳಿಯಲ್ಲಿ ರಾಜನ ಪಾತ್ರ ನನಗೇ ಮೀಸಲು. ಪಕ್ಕದ ಖೋಲಿಯ ಮಲ್ಲಪ್ಪ, ವಿಜಯಪುರದ ಕಡೆಯವನು, ನಾಟಕ ಬರೆಯುತ್ತಿದ್ದ. ಆ ವರ್ಷ ಅವನು ಬರೆದ ನಾಟಕದಲ್ಲಿ ಒಬ್ಬ ರಾಜ ತನ್ನ ಊರಿನಲ್ಲಿ ಸೆಕೆಯೇ ಇಲ್ಲವೆಂದು ಡಂಗುರ ಸಾರಿಸುತ್ತಾನೆ. ಜನ ಕಂಬಳಿ ಹೊದ್ದು, ಬೆವರುತ್ತಲೇ ನಡುಗಿದಂತೆ ನಟಿಸುತ್ತಾರೆ. ಕೊನೆಗೊಬ್ಬ ಮುದುಕಿ ದರ್ಬಾರಿನಲ್ಲಿ ಕಂಬಳಿ ಕಿತ್ತೊಗೆದು, "ನನಗ ಸೆಕಿ ಆಗಾಕತ್ತೈತಿ" ಎನ್ನುತ್ತಾಳೆ. ಅಲ್ಲಿಗೆ ಪರದೆ.

ತಾಲೀಮಿನ ನಡುವೆ ಎರಡನೇ ಮಾಳಿಗೆಯ ಯೂನಿಯನ್ ಮನುಷ್ಯನನ್ನು ಪೊಲೀಸರು ಕರೆದೊಯ್ದರು. ಚಾಳಿನಲ್ಲಿ ಜೋರು ಮಾತು ನಿಂತಿತು. ನಮ್ಮ ಗೋಡೆಗಳಿಗೆ ಯಾರೂ ಕಿವಿ ಅಂಟಿಸಬೇಕಾಗಿರಲಿಲ್ಲ. ನೀರಿನ ನಲ್ಲಿಯ ಮುಂದೆ ನಾವೇ ಒಬ್ಬರ ಮಾತಿಗೊಬ್ಬರು ಕಿವಿಗೊಟ್ಟು ನಿಲ್ಲುತ್ತಿದ್ದೆವು.

ಮಂಡಳಿಯ ಕಾರ್ಯದರ್ಶಿಯೂ ನಾನೇ. ಪ್ರಯೋಗದ ದಿನ ಮುದುಕಿಯ ವೇಷದವನಿಗೆ, "ನೀ ಒಳಗ ಇರು" ಎಂದೆ. ಅವಳು ಬರಬೇಕಾದ ಹೊತ್ತಿಗೆ ಸಿಂಹಾಸನದಿಂದ ಎದ್ದು, ಪ್ರಜೆಗಳನ್ನು ಹರಸಿ, ಪರದೆ ಎಳೆಸಿದೆ. ಸಯನ್‌ನ ಆ ಹಾಲ್‌ನಲ್ಲಿ ಫ್ಯಾನುಗಳು ಕೈಕೊಟ್ಟಿದ್ದವು. ಬೆವರಿನಲ್ಲಿ ತೊಯ್ದ ಜನ ರಾಜನಿಗೆ ಚಪ್ಪಾಳೆ ಹೊಡೆದರು. ನನಗೆ ಖುಷಿಯಾಯಿತು, ಅದನ್ನೂ ಹೇಳಿಬಿಡುತ್ತೇನೆ.

ಬಣ್ಣ ತೊಳೆಯುತ್ತಿದ್ದಾಗ ಮಲ್ಲಪ್ಪ ಬಂದ.

"ಮುದುಕೀನ ಯಾರು ತಗಸಿದ್ರೊ?"

"ನಾನ."

"ನಿನಗ ಯಾರು ಹೇಳಿದ್ರು?"

"ಯಾರೂ ಹೇಳಿಲ್ಲ. ಸುಮ್ನ ತ್ರಾಸ ಯಾಕಂತ..."

"ಯಾರೂ ಹೇಳಿಲ್ಲಾ?" ಅವನು ನಕ್ಕ. "ಹಂಗಾದ್ರ ಅವರಿಗೆ ಮಾಡೂ ಕೆಲಸನ ಉಳದಿಲ್ಲ ಬಿಡಪಾ, ಮಹಾರಾಜಾ."

ಅವನು ಮತ್ತೆ ನಾಟಕ ಬರೆಯಲಿಲ್ಲ. ಈಗ ಅವನಿಲ್ಲ. ಇದ್ದಷ್ಟು ಕಾಲ ನಾನು ಕ್ಷಮೆ ಕೇಳಲಿಲ್ಲ.

ಬೇರೆ ದೇಶಗಳಲ್ಲಿ ಜನರನ್ನು ಶಿಬಿರಗಳಿಗೆ ತುಂಬಿ ಕೊಂದ ಸರ್ಕಾರಗಳ ಮುಂದೆ ನಮ್ಮದು ಚಿಕ್ಕ ಕಥೆ, ಒಪ್ಪುತ್ತೇನೆ. ಆದರೂ ಒಂದು ಮಾತು ನನಗೆ ಖಾತ್ರಿ: ಪುಸ್ತಕದ್ದಾಗಲಿ, ನಿಜದ್ದಾಗಲಿ, ಅಂಥ ಸರ್ಕಾರ ನಡೆಯುವುದು ನನ್ನಂಥವರಿಂದ. ಕಾದಂಬರಿಕಾರರು ದೊಡ್ಡ ಯಂತ್ರಗಳನ್ನು ಕಲ್ಪಿಸುತ್ತಾರೆ. ಯಾರೂ ಹೇಳದೆ ಕತ್ತರಿ ಹಿಡಿಯುವ ಕಾರ್ಯದರ್ಶಿ ಸಿಕ್ಕರೆ ಯಂತ್ರದ ಖರ್ಚೂ ಉಳಿಯುತ್ತದೆ.

ಮೊಮ್ಮಗಳು ಮಗುಚಿಟ್ಟ ಪುಸ್ತಕವನ್ನು ಮುಚ್ಚಿ ಪಕ್ಕಕ್ಕಿಟ್ಟಳು. ಶಿಸ್ತಿನ ಅಜ್ಜ ಅವಳ ಕಣ್ಣಿಂದ ಇಳಿದುಹೋದದ್ದು ನನಗೆ ಕಾಣಿಸಿತು.

"ಇದನ್ನ ಬರೀಲಾ?" ಎಂದಳು. "ನಿಮ್ಮ ನಾಮ್ ಹಾಕೂದಿಲ್ಲ. ಒಬ್ರು ಬುಜುರ್ಗ್, ಹಿರಿಯರು ಅಂತೀನಿ, ಬಸ್."

"ಹಾಕು," ಎಂದೆ.

ಮೊದಲು ಮಲ್ಲಪ್ಪನ ಹೆಸರು ಬರೆಸಿದೆ. ಆಮೇಲೆ ನನ್ನದು, ಪೂರ್ತಿಯಾಗಿ, ಅಡ್ಡಹೆಸರಿನ ಸಮೇತ.