ಮುರಿಯಬೇಕಾಗಿದ್ದ ಸೇತುವೆ

ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟವನು ನಾನು. ಕಾಂಕ್ರೀಟಿಗೆ ಕಂಬಿ ಕಟ್ಟುವುದು ನನ್ನ ಕಸುಬು. ಗಾವಡಗೆರೆ ಕಡೆಯ ಮೋರಿಗಳಿಂದ ಹಿಡಿದು ಹಾರನಹಳ್ಳಿ ಕಡೆಯ ಸೇತುವೆವರೆಗೆ ಎಷ್ಟಕ್ಕೆ ಕಂಬಿ ಹೆಣೆದಿದ್ದೇನೋ ನೆನಪಿಲ್ಲ. ಒಂದೂ ಇವತ್ತಿನವರೆಗೆ ಬಿರುಕು ಬಿಟ್ಟಿಲ್ಲ. ಡ್ರಾಯಿಂಗಿನಲ್ಲಿ ಹತ್ತು ಕಂಬಿ ಅಂತಿದ್ದ ಕಡೆ ಇನ್ನೊಂದು ತುರುಕಿ ಎಂಜಿನಿಯರ್ ಕೈಲಿ ಬೈಸಿಕೊಂಡದ್ದೂ ಉಂಟು. ಆ ಬೈಗುಳವನ್ನು ಹೊಗಳಿಕೆ ಎಂದೇ ತಿಳಿದಿದ್ದೆ.

ಮಗಳು ಹುಣಸೂರಿನಲ್ಲಿ ಡಿಪ್ಲೊಮಾ ಓದುತ್ತಿದ್ದಳು, ಸಿವಿಲ್ಲು. ಕೊನೆಯ ವರ್ಷ ಸೇತುವೆ ವಿನ್ಯಾಸದ ಪಾಠ ಬಂತು. ಐಸ್‌ಕ್ರೀಂ ಕಡ್ಡಿ ಅಂಟಿಸಿ ಮೊಳದುದ್ದದ ಸೇತುವೆ ಮಾಡಬೇಕು, ಅದಕ್ಕೆ ಭಾರ ತೂಗುಹಾಕಿ ನೋಡುತ್ತಾರೆ, ಅರ್ಧದಷ್ಟು ಮಾರ್ಕು ಅದಕ್ಕೇ. ಹದಿನೈದು ದಿನ ನಡುಮನೆಯಲ್ಲಿ ಕಡ್ಡಿ ಹರಡಿಕೊಂಡು ಕೂತಳು. ಅವಳ ಪುಸ್ತಕದ ಗೆರೆ, ಬಾಣದ ಗುರುತು ನನಗೆ ಒಂದೂ ತಿಳಿಯಲಿಲ್ಲ. ಕೇಳುವುದಕ್ಕೆ ನಾಚಿಕೆ.

ಭಾನುವಾರ ಸೇತುವೆ ಮುಗಿಯಿತು. ನಡುವಿನ ಒಂದು ಜಾಯಿಂಟನ್ನು ಬೆರಳಲ್ಲಿ ತೋರಿಸಿ, "ಭಾರ ಹಾಕುದ್ರೆ ಇಲ್ಲೇ ಮುರಿಯೋದು ಕಣಪ್ಪ," ಅಂದು ತಲೆಗೆ ನೀರು ಹಾಕಿಕೊಳ್ಳಲು ಹೋದಳು.

ಮುರಿಯುವ ಜಾಗ ಗೊತ್ತಿದ್ದೂ ಹಾಗೇ ಬಿಡುವುದೆ? ಒಳಮಗ್ಗುಲಿಗೆ ಎರಡು ಕಡ್ಡಿ ಜೋಡಿಸಿ, ಬಾಗಿಲು ಕೂರಿಸಿದಾಗ ಬಡಗಿ ಬಿಟ್ಟುಹೋಗಿದ್ದ ಅಂಟು ಮೆತ್ತಿ ಒತ್ತಿ ಹಿಡಿದೆ. ಅವಳಿಗೆ ಹೇಳಲಿಲ್ಲ.

ಮಾರನೆಯ ದಿನ ಬಸ್ಸಿನ ನೂಕಾಟದಲ್ಲಿ ಸೇತುವೆ ಜಜ್ಜಿಹೋದೀತೆಂದು ನಾನೇ ತೊಡೆಯ ಮೇಲಿಟ್ಟುಕೊಂಡು ಅವಳ ಜೊತೆ ಹೋದೆ. ಲ್ಯಾಬಿನಲ್ಲಿ ಎರಡು ಮೇಜಿನ ನಡುವೆ ಸೇತುವೆ ಇಟ್ಟು, ಬಕೆಟ್ ಕಟ್ಟಿ, ಅದಕ್ಕೆ ಮರಳು ಸುರಿಯುತ್ತ ಹೋದರು. ಎಂಟು ಕೆ.ಜಿ. ದಾಟಿತು. ಅಲುಗಲಿಲ್ಲ. ಹತ್ತಾಯಿತು. ಬಾಗಿಲಲ್ಲಿ ನಿಂತಿದ್ದ ನಾನು ಪಕ್ಕದ ಅಟೆಂಡರಿಗೆ, "ನಮ್ಮುಡುಗೀದು ಕಣ್ರೀ," ಅಂದೆ.

"ಭಾಳ ಗಟ್ಟಿ ಮಾಡ್ಬುಟ್ಟವ್ಳೆ. ಮಾರ್ಕು ಓಯ್ತು ಬುಡಿ," ಅಂದ ಅವನು. "ಎಲ್ಲಿ, ಎಷ್ಟಕ್ಕೆ ಮುರೀತದೆ ಅಂತ ಮೊದ್ಲೇ ಬರ್ಕೊಡ್ಬೇಕು. ಅಂಗೇ ಮುರುದ್ರೆ ಮಾರ್ಕು. ನಿಮ್ಮುಡುಗಿ ನಡೂಮಧ್ಯ, ಎಂಟಕ್ಕೆ ಅಂತ ಬರ್ದವ್ಳೆ."

ಮುರಿಯಪ್ಪಾ ಎಂದು ಒಂದು ಸೇತುವೆಯನ್ನು ಬೇಡಿಕೊಂಡದ್ದು ಅದೇ ಮೊದಲು. ಹದಿನಾಲ್ಕಕ್ಕೆ ಮುರಿಯಿತು, ಅದೂ ತುದಿಯಲ್ಲಿ.

ಮೇಷ್ಟ್ರು ತುಂಡುಗಳನ್ನು ತಿರುಗಿಸಿ ನೋಡಿದರು. "ಈ ಎರಡು ಕಡ್ಡಿ ನಿನ್ನ ಡ್ರಾಯಿಂಗ್‌ನಲ್ಲಿ ಇಲ್ವಲ್ಲಮ್ಮ? ಬೇರೆಯವರು ಕೈ ಹಾಕಿದ್ರೆ ಸೊನ್ನೆ ಅಂತ ಹೇಳಿದ್ದೆ."

ಒಂದು ಹೆಜ್ಜೆ ಮುಂದಿಟ್ಟೆ, ಅಲ್ಲೇ ನಿಂತೆ. ಹೇಳಿದರೆ ಸೊನ್ನೆ. ಹೇಳದಿದ್ದರೆ ಅವಳ ಲೆಕ್ಕವೇ ತಪ್ಪು. ಮಗಳು ಅಂಟಿನ ಮೇಲೆ ಕೂತಿದ್ದ ದಪ್ಪ ಹೆಬ್ಬೆರಳ ಗುರುತನ್ನು ನೋಡಿದಳು, ಆಮೇಲೆ ನನ್ನನ್ನು.

"ನಾನೇ ಸಾರ್ ಹಾಕಿದ್ದು. ಕೊನೇಲಿ ಧೈರ್ಯ ಸಾಲ್ಲಿಲ್ಲ," ಅಂದಳು ಮೇಷ್ಟ್ರಿಗೆ.

ಹದಿನೈದು ದಿನ ಕೂತು ಬರೆದ ಲೆಕ್ಕದ ಪುಟಗಳ ಮೇಲೆ ಕೆಂಪು ಗೆರೆ ಬಿತ್ತು. ಇನ್ನೊಂದು ಮಾಡಿ ತರಲು ಮೇಷ್ಟ್ರು ಒಂದು ವಾರ ಕೊಟ್ಟರು, ಆದರೆ ಬರುವ ಮಾರ್ಕಿನಲ್ಲಿ ಅರ್ಧ ಕಳೆದು.

ಅವಳು ಮುರಿದ ತುಂಡುಗಳನ್ನು ಚೀಲಕ್ಕೆ ತುಂಬಿಕೊಂಡಳು, ಇಬ್ಬರೂ ಬಸ್ ಸ್ಟ್ಯಾಂಡಿಗೆ ಬಂದೆವು. ಬಸ್ಸು ಬಂದಾಗ ಹತ್ತುತ್ತಲೇ ಅಂದಳು, "ಈ ಸಲ ಅಂಟ್ಸೋ ದಿನ ನೀನು ಕೆಲ್ಸುಕ್ಕೆ ಓಗಿರು ಕಣಪ್ಪ."

"ಆಯ್ತು ಕಣವ್ವ," ಅಂದೆ.